ಕಡಿಮೆ ಬಜೆಟ್‌ನ ಎಲೆಕ್ಟ್ರಿಕ್ ಮೌಂಟೇನ್ ಸೈಕಲ್: ಆನ್‌ಲೈನ್‌ನಲ್ಲಿ ಕೊಳ್ಳುವುದು ಹೇಗೆ?

25ರಿಂದ 50 ಸಾವಿರ ರೂಪಾಯಿಯೊಳಗೆ ಹುಡುಕಿದರೆ ‘ಎಲೆಕ್ಟ್ರಿಕ್ ಎಂಟಿಬಿ’ (ಎಂಟಿಬಿ ಅಂದರೆ ಮೌಂಟೇನ್ ಬೈಕ್) ಎಂಬ ಹೆಸರಿನಲ್ಲಿ ಹತ್ತಾರು ಸೈಕಲ್‌ಗಳು ಕಾಣುತ್ತವೆ. ದಪ್ಪ ಟೈರು, ಮುಂದೆ ಶಾಕ್ ಅಬ್ಸಾರ್ಬರ್, ಹಿನ್ನೆಲೆಯಲ್ಲಿ ಹಿಮ ಮುಚ್ಚಿದ ಬೆಟ್ಟ. ಫೋಟೋ ನೋಡಿದರೆ ನಾಳೆಯೇ ಮುಳ್ಳಯ್ಯನಗಿರಿ ಹತ್ತಿಬಿಡಬಹುದು ಅನಿಸುತ್ತದೆ. ಮೊದಲೇ ಹೇಳಿಬಿಡುತ್ತೇನೆ, ಈ ದುಡ್ಡಿಗೆ ಬಂಡೆ ಮೇಲಿಂದ ಹಾರಿಸುವ ಸೈಕಲ್ ಬರುವುದಿಲ್ಲ. ಹಳ್ಳಿಯ ಜಲ್ಲಿ ರಸ್ತೆ, ತೋಟದ ಮಣ್ಣು ದಾರಿ, ಬೆಂಗಳೂರಿನ ಗುಂಡಿಗಳು, ಮಧ್ಯೆ ಮಧ್ಯೆ ಒಂದಿಷ್ಟು ಏರು. ಇಷ್ಟನ್ನು ತಾಳಿಕೊಳ್ಳುವ ಸೈಕಲ್ ಖಂಡಿತ ಬರುತ್ತದೆ. ಅದರಲ್ಲೂ ಒಳ್ಳೆಯದು ಯಾವುದು, ಬರೀ ಬಣ್ಣ ಯಾವುದು ಎಂದು ಗೊತ್ತಾಗಬೇಕಾದರೆ ಫೋಟೋ ಬಿಟ್ಟು ಅಂಕಿಗಳನ್ನು ಓದಬೇಕು.

1. ಮೊದಲು ನಿಮ್ಮ ದಾರಿ ನೋಡಿ

ಸೈಟ್ ತೆರೆಯುವ ಮೊದಲು ಮೂರು ವಿಷಯ ಬರೆದುಕೊಳ್ಳಿ. ದಿನಕ್ಕೆ ಎಷ್ಟು ಕಿ.ಮೀ. ಹೋಗುತ್ತೀರಿ? ದಾರಿಯಲ್ಲಿ ಏರು ಎಷ್ಟಿದೆ? ರಾತ್ರಿ ಸೈಕಲ್ ಎಲ್ಲಿ ನಿಲ್ಲುತ್ತದೆ?

ಮೂರನೆಯದನ್ನು ತುಂಬಾ ಜನ ಯೋಚಿಸುವುದೇ ಇಲ್ಲ. ಈ ಸೈಕಲ್‌ಗಳ ತೂಕ ಸಾಮಾನ್ಯವಾಗಿ 20ರಿಂದ 28 ಕೆ.ಜಿ. ಲಿಫ್ಟ್ ಇಲ್ಲದ ಮನೆಯ ಎರಡನೇ ಮಹಡಿಗೆ ದಿನಾ ಹೊತ್ತು ಹತ್ತುವುದು ಆಗದ ಮಾತು. ಕೆಳಗೆ ಪಾರ್ಕಿಂಗ್‌ನಲ್ಲಿ ನಿಲ್ಲಿಸುವುದಾದರೆ ಅಲ್ಲಿ ಪ್ಲಗ್ ಪಾಯಿಂಟ್ ಇರಬೇಕು, ಇಲ್ಲವೇ ಬ್ಯಾಟರಿ ಬಿಚ್ಚಿ ಮನೆಗೆ ಒಯ್ಯುವಂತಿರಬೇಕು. ಕೆಲವು ಮಾಡೆಲ್‌ಗಳಲ್ಲಿ ಬ್ಯಾಟರಿ ಫ್ರೇಮಿನ ಪೈಪಿನೊಳಗೇ ಕೂತಿರುತ್ತದೆ, ಬಿಚ್ಚಲು ಬರುವುದಿಲ್ಲ. ನೋಡಲು ಚೆಂದ, ಬಾಡಿಗೆ ಮನೆಯವರಿಗೆ ಮಾತ್ರ ಕಷ್ಟ.

ಕಾಡಿನ ಹಾದಿಯ ಆಸೆ ಇದ್ದರೆ ಇನ್ನೊಂದು ಮಾತು. ಮೀಸಲು ಅರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವಂತಿಲ್ಲ. ಸೈಕಲ್ ಆದರೂ ಅಷ್ಟೇ, ಕಾಲ್ನಡಿಗೆ ಆದರೂ ಅಷ್ಟೇ.

2. ಲೈಸೆನ್ಸ್ ಬೇಕಾ?

250 ವ್ಯಾಟ್ ಒಳಗಿನ ಮೋಟಾರು, ಗಂಟೆಗೆ 25 ಕಿ.ಮೀ. ಒಳಗಿನ ವೇಗ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಈ ಮಿತಿಯೊಳಗೆ ಇದ್ದು, ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಅದನ್ನು ಪರೀಕ್ಷಿಸಿ ಒಪ್ಪಿದ್ದರೆ, ಆ ಸೈಕಲ್ ಮೋಟಾರು ವಾಹನವೇ ಅಲ್ಲ. ಲೈಸೆನ್ಸ್, ನೋಂದಣಿ, ನಂಬರ್ ಪ್ಲೇಟ್ ಯಾವುದೂ ಬೇಡ. ಅಂಥ ಪರೀಕ್ಷೆ ಮಾಡುವವರಲ್ಲಿ ಪುಣೆಯ ಎಆರ್‌ಎಐ ಮತ್ತು ಮಾನೇಸರದ ಐಕ್ಯಾಟ್ ಮುಖ್ಯವಾದವು. ಸರ್ಟಿಫಿಕೇಟ್ ಇದೆಯೇ ಎಂದು ಮಾರಾಟಗಾರರಿಗೆ ಮೆಸೇಜ್ ಹಾಕಿ ಕೇಳಿ. ಉತ್ತರ ತಿರುಗಿಸಿ ಮುರುಗಿಸಿ ಬಂದರೆ ಮುಂದಿನದನ್ನು ನೋಡಿ.

ಹೊರದೇಶದ ಸೈಟ್‌ಗಳಲ್ಲಿ 750, 1000 ವ್ಯಾಟ್‌ನ ಸೈಕಲ್‌ಗಳು ಆಸೆ ಹುಟ್ಟಿಸುತ್ತವೆ. ಇಲ್ಲಿಗೆ ಬಂದರೆ ಅವು ಕಾನೂನಿನ ಕಣ್ಣಲ್ಲಿ ಮೋಟಾರು ವಾಹನ. ಇಲ್ಲಿನ ಒಪ್ಪಿಗೆ ಪತ್ರ ಇಲ್ಲದೆ ನೋಂದಣಿಯೂ ಆಗುವುದಿಲ್ಲ. ಅಪಘಾತವಾದರೆ ವಿಮೆ ಇಲ್ಲದ ಗಾಡಿ ಓಡಿಸಿದ ಲೆಕ್ಕ. ಕಸ್ಟಮ್ಸ್ ಸುಂಕ ಬೇರೆ. ವಿದೇಶದಲ್ಲಿರುವ ತಮ್ಮನೋ ಮಗಳೋ ಊರಿಗೆ ಬರುವಾಗ ತರಲಿ ಎನ್ನೋಣ ಎಂದರೆ, 160 ವ್ಯಾಟ್-ಅವರ್‌ಗಿಂತ ದೊಡ್ಡ ಲಿಥಿಯಂ ಬ್ಯಾಟರಿಯನ್ನು ಪ್ರಯಾಣಿಕರು ವಿಮಾನದಲ್ಲಿ ಒಯ್ಯುವಂತಿಲ್ಲ. ಹೆಚ್ಚುಕಮ್ಮಿ ಎಲ್ಲಾ ಇ-ಸೈಕಲ್ ಬ್ಯಾಟರಿಗಳೂ ಅದಕ್ಕಿಂತ ದೊಡ್ಡವು.

3. ಬ್ಯಾಟರಿಯ ಲೆಕ್ಕ

ಇಡೀ ಜಾಹೀರಾತಿನಲ್ಲಿ ನಂಬಬೇಕಾದ್ದು ಒಂದೇ ಅಂಕಿ, ಅದನ್ನೂ ನೀವೇ ಲೆಕ್ಕ ಹಾಕಬೇಕು. ವೋಲ್ಟ್ ಮತ್ತು ಆಂಪಿಯರ್-ಅವರ್ (ಎಎಚ್) ಗುಣಿಸಿ. ಬರುವುದು ವ್ಯಾಟ್-ಅವರ್, ಅಂದರೆ ಟ್ಯಾಂಕಿನ ಅಳತೆ.

36 ವೋಲ್ಟ್, 5.8 ಎಎಚ್ ಬ್ಯಾಟರಿ ಅಂದರೆ ಸುಮಾರು 209 ವ್ಯಾಟ್-ಅವರ್. 7.8 ಎಎಚ್ ಆದರೆ 281. 10.4 ಎಎಚ್ ಆದರೆ 374. ನೋಡಿ, ಮೂರನ್ನೂ ‘36 ವೋಲ್ಟ್ ಶಕ್ತಿಶಾಲಿ ಬ್ಯಾಟರಿ’ ಎಂದೇ ಬರೆದಿರುತ್ತಾರೆ. ಮೊದಲನೆಯದಕ್ಕೂ ಕೊನೆಯದಕ್ಕೂ ಹೆಚ್ಚುಕಡಿಮೆ ಎರಡು ಪಟ್ಟು ವ್ಯತ್ಯಾಸ.

ಈಗ ಖರ್ಚು. ಪೆಡಲ್ ಮಾಡದೆ, ಸ್ಕೂಟರಿನ ಹಾಗೆ ಹ್ಯಾಂಡಲ್‌ನ ಥ್ರಾಟಲ್ ಮಾತ್ರ ತಿರುಗಿಸಿ ಸಮತಟ್ಟು ರಸ್ತೆಯಲ್ಲಿ ಹೋದರೆ ಕಿಲೋಮೀಟರಿಗೆ 12ರಿಂದ 15 ವ್ಯಾಟ್-ಅವರ್ ಹಿಡಿಯಿರಿ. ನೀವೂ ತುಳಿಯುತ್ತಾ ಹೋದರೆ 7ರಿಂದ 9. ಹಾಗಾಗಿ 281ರ ಬ್ಯಾಟರಿ ಥ್ರಾಟಲ್‌ನಲ್ಲಿ ಸುಮಾರು 20 ಕಿ.ಮೀ., ತುಳಿದರೆ 30ರಿಂದ 40 ಕಿ.ಮೀ. ಕೊಡುತ್ತದೆ. ಕಂಪನಿ ‘50 ಕಿ.ಮೀ. ಮೈಲೇಜ್’ ಎಂದರೆ ಸುಳ್ಳೆಂದೇ ಹೇಳಲಾಗದು. ಅದು ತೆಳ್ಳಗಿನ ಸವಾರ, ನುಣ್ಣನೆಯ ರಸ್ತೆ, ಮೋಟಾರು ಅತಿ ಕಡಿಮೆ ಸಹಾಯ ಮಾಡುವ ಮೋಡ್‌ನಲ್ಲಿ ಸಿಕ್ಕ ಅಂಕಿ. ಮಣ್ಣು ದಾರಿ, ಗಾಳಿ ಕಮ್ಮಿ ಇರುವ ದಪ್ಪ ಟೈರು, ಬೆನ್ನಿಗೆ ಬ್ಯಾಗು, ಎದುರು ಗಾಳಿ, ಎಲ್ಲವೂ ಇದರಿಂದ ಕಳೆಯುತ್ತವೆ. ನಿಮ್ಮ ದಿನದ ಓಡಾಟ ಈ ಲೆಕ್ಕದ ಮುಕ್ಕಾಲು ಭಾಗದೊಳಗೆ ಮುಗಿಯಬೇಕು. ಯಾಕೆಂದರೆ ಬ್ಯಾಟರಿ ಸವೆಯುತ್ತದೆ. ಸಾಮಾನ್ಯ ಲಿಥಿಯಂ ಅಯಾನ್ ಬ್ಯಾಟರಿ ಐನೂರರ ಆಸುಪಾಸು ಪೂರ್ತಿ ಚಾರ್ಜ್‌ಗಳ ನಂತರ ತನ್ನ ಶಕ್ತಿಯ ಐದನೇ ಒಂದು ಭಾಗವನ್ನಾದರೂ ಕಳೆದುಕೊಂಡಿರುತ್ತದೆ.

ಕೊಳ್ಳುವ ಮೊದಲೇ ಕೇಳಬೇಕಾದ ಪ್ರಶ್ನೆ: ಇದೇ ಬ್ಯಾಟರಿ ಬಿಡಿಯಾಗಿ ಎಷ್ಟು, ಈಗ ಸ್ಟಾಕ್ ಇದೆಯಾ? ಸೈಕಲ್ ಬೆಲೆಯ ಮೂರನೇ ಒಂದು ಭಾಗ ಎಂದರೂ ಬೆಚ್ಚಬೇಡಿ. ಆದರೆ ‘ಬಿಡಿಯಾಗಿ ಮಾರುವುದಿಲ್ಲ’ ಎಂದರೆ ಅಲ್ಲಿಗೆ ಬಿಡಿ. ಆ ಸೈಕಲ್ಲಿನ ಆಯಸ್ಸು ಬ್ಯಾಟರಿಯ ಆಯಸ್ಸಿನಷ್ಟೇ.

ಕರೆಂಟ್ ಖರ್ಚಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಒಂದು ಫುಲ್ ಚಾರ್ಜ್‌ಗೆ ಅರ್ಧ ಯೂನಿಟ್ ಕೂಡ ಆಗುವುದಿಲ್ಲ.

4. ಮೋಟಾರು ಮತ್ತು ಏರು

ಈ ಬೆಲೆಯಲ್ಲಿ ಬರುವುದೆಲ್ಲ ಹಬ್ ಮೋಟಾರು, ಹೆಚ್ಚಾಗಿ ಹಿಂದಿನ ಚಕ್ರದ ನಡುವೆ. ಪೆಡಲ್ ಹತ್ತಿರ ಕೂರುವ ಮಿಡ್ ಡ್ರೈವ್ ಮೋಟಾರಿನ ಸೈಕಲ್‌ಗಳ ಬೆಲೆ ಲಕ್ಷ ದಾಟಿ ಮುಂದೆ ಹೋಗುತ್ತದೆ. ಎರಡರ ವ್ಯತ್ಯಾಸ ಗೊತ್ತಾಗುವುದು ಏರಿನಲ್ಲಿ. ಮಿಡ್ ಡ್ರೈವ್ ಚೈನಿನ ಮೂಲಕ ಎಳೆಯುತ್ತದೆ. ಹಾಗಾಗಿ ನೀವು ಗೇರು ಇಳಿಸಿದರೆ ಮೋಟಾರಿಗೂ ಹಗುರ. ಹಬ್ ಮೋಟಾರಿಗೆ ನಿಮ್ಮ ಗೇರಿನ ಸಂಬಂಧವೇ ಇಲ್ಲ. ಗೇರು ಬದಲಿಸಿದರೆ ನಿಮ್ಮ ಕಾಲಿಗೆ ಮಾತ್ರ ಸುಖ. ಏರಿನಲ್ಲಿ ವೇಗ ಇಳಿದಂತೆಲ್ಲ ಹಬ್ ಮೋಟಾರು ಕರೆಂಟ್ ಹೀರುತ್ತದೆ, ಕೆಲಸ ಕಮ್ಮಿ ಮಾಡುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ.

ಒಂದು ಲೆಕ್ಕ ನೋಡೋಣ. ನೀವು 70 ಕೆ.ಜಿ., ಸೈಕಲ್ 25, ಒಟ್ಟು 95. ನೂರು ಮೀಟರಿಗೆ 8 ಮೀಟರ್ ಏರುವ ರಸ್ತೆಯಲ್ಲಿ ಗಂಟೆಗೆ 10 ಕಿ.ಮೀ. ವೇಗ ಹಿಡಿಯಲು ಚಕ್ರಕ್ಕೆ ಸುಮಾರು 235 ವ್ಯಾಟ್ ಬೇಕು. ಅಂದರೆ 250 ವ್ಯಾಟ್‌ನ ಮೋಟಾರಿಗೆ ಅಲ್ಲಿಗೇ ಮುಗಿಯಿತು. ಅದೇ ರಸ್ತೆ 12 ಮೀಟರ್ ಏರಿದರೆ 335 ವ್ಯಾಟ್ ಆಸುಪಾಸು ಬೇಕು. ಮಿಕ್ಕ 85-100 ವ್ಯಾಟ್ ನಿಮ್ಮ ಕಾಲಿನಿಂದ ಬರಲೇಬೇಕು. ಅಭ್ಯಾಸ ಇರುವವರಿಗೆ ಅದು ಕಷ್ಟವಲ್ಲ, ಸುಮ್ನೆ ಕೂತು ಹೋಗುತ್ತೇನೆ ಅನ್ನುವವರಿಗೆ ಆಗದು.

ಇನ್ನು ಎತ್ತರ. 95 ಕೆ.ಜಿ. ಭಾರವನ್ನು 500 ಮೀಟರ್ ಮೇಲಕ್ಕೆ ಎತ್ತಲು ಬೇಕಾಗುವ ಶಕ್ತಿ ಸುಮಾರು 130 ವ್ಯಾಟ್-ಅವರ್. ಮೋಟಾರಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 200 ಹೋಗುತ್ತದೆ. ನಂದಿ ಬೆಟ್ಟದಂಥ ಏರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಓದಿ. 209ರ ಬ್ಯಾಟರಿ ಥ್ರಾಟಲ್ ಮೇಲೆಯೇ ಹೋದರೆ ತುದಿ ಮುಟ್ಟುವಷ್ಟರಲ್ಲಿ ಖಾಲಿ. ಅರ್ಧ ಭಾರ ಕಾಲು ಹೊತ್ತರೆ 281ರ ಬ್ಯಾಟರಿಯಲ್ಲಿ ಆರಾಮಾಗಿ ಹತ್ತಿ, ಇಳಿದು, ಇನ್ನೂ ಸ್ವಲ್ಪ ದೂರ ಹೋಗಬಹುದು.

ಟಾರ್ಕ್, ಅಂದರೆ ಮೋಟಾರಿನ ತಿರುಗಿಸುವ ಬಲದ ಅಂಕಿ ಕೊಟ್ಟಿದ್ದರೆ ಗಮನಿಸಿ. 35-40 ನ್ಯೂಟನ್ ಮೀಟರ್‌ಗಿಂತ ಕಮ್ಮಿ ಇದ್ದರೆ ಮಲೆನಾಡಿನ ಕಡೆ ಬೇಸರವಾಗುತ್ತದೆ. ಪೆಡಲ್ ತಿರುಗುತ್ತಿದೆಯೇ ಇಲ್ಲವೇ ಎಂದಷ್ಟೇ ನೋಡುವ ಕೇಡೆನ್ಸ್ ಸೆನ್ಸರ್ ಈ ಬೆಲೆಯಲ್ಲಿ ಮಾಮೂಲು. ಅದರಲ್ಲಿ ಮೋಟಾರು ಒಂದು ಕ್ಷಣ ತಡವಾಗಿ ಎಳೆಯಲು ಶುರು ಮಾಡುತ್ತದೆ, ತುಳಿಯುವುದು ನಿಲ್ಲಿಸಿದರೂ ಒಂದು ಕ್ಷಣ ಎಳೆಯುತ್ತಲೇ ಇರುತ್ತದೆ. ಕಿರಿದಾದ ಕಾಲುದಾರಿಯಲ್ಲಿ ಇದು ಗೊತ್ತಿರಬೇಕು. ಹಾಗಾಗಿ ಬ್ರೇಕ್ ಹಿಡಿದ ತಕ್ಷಣ ಮೋಟಾರ್ ಕಡಿಯುವ ಕಟ್-ಆಫ್ ಇದೆಯೇ ನೋಡಿ. ಇಲ್ಲದಿದ್ದರೆ ಬೇಡ.

5. ಉಳಿದ ಭಾಗಗಳು

ಬ್ರೇಕ್: ಎರಡೂ ಕಡೆ ಡಿಸ್ಕ್ ಇರಲಿ. ಹೈಡ್ರಾಲಿಕ್ ಒಳ್ಳೆಯದು ಎಂಬುದು ನಿಜ. ಆದರೆ ಸಣ್ಣ ಊರಿನಲ್ಲಿ ಕೇಬಲ್ ಇರುವ ಮೆಕ್ಯಾನಿಕಲ್ ಡಿಸ್ಕ್ ಅನ್ನೇ ನಾನು ಮೆಚ್ಚುತ್ತೇನೆ. ಕೇಬಲ್ ಎಲ್ಲಾದರೂ ಸಿಗುತ್ತದೆ, ಆಯಿಲ್ ತುಂಬಿ ಗಾಳಿ ತೆಗೆಯುವವರು ಸಿಗುವುದಿಲ್ಲ.

ಮುಂದಿನ ಶಾಕ್ ಅಬ್ಸಾರ್ಬರ್ ಸ್ಪ್ರಿಂಗಿನದು, 80ರಿಂದ 100 ಮಿ.ಮೀ. ಆಡುತ್ತದೆ. ಗುಂಡಿಗೆ ಸಾಕು, ಹಾರುವುದಕ್ಕೆ ಅಲ್ಲ. ಅದನ್ನು ಬಿಗಿ ಮಾಡಿಡುವ ಲಾಕ್‌ಔಟ್ ಇದ್ದರೆ ಏರಿನಲ್ಲಿ ಕಾಲಿನ ಶಕ್ತಿ ಪೋಲಾಗುವುದಿಲ್ಲ. ಹಿಂದೆಯೂ ಶಾಕ್ ಇರುವ ಅಗ್ಗದ ಸೈಕಲ್ ಕಂಡರೆ ದೂರ ಇರಿ, ತೂಕ ಜಾಸ್ತಿ, ಕೀಲುಗಳು ಬೇಗ ಸಡಿಲವಾಗುತ್ತವೆ. ನಾಲ್ಕಿಂಚಿನ ಫ್ಯಾಟ್ ಟೈರ್ ಕೂಡ ನಮ್ಮಲ್ಲಿ ಹೆಚ್ಚಿನವರಿಗೆ ಬೇಡ. ಎರಡರಿಂದ ಎರಡೂವರೆ ಇಂಚು ಸರಿಯಾದ ಅಳತೆ. 21 ಗೇರ್ ಎಂದು ಕೂಗುವುದಕ್ಕೆ ಮರುಳಾಗಬೇಡಿ. ಹಿಂದೆ ಏಳು ಗೇರ್ ಇದ್ದು, ದೊಡ್ಡ ಹಲ್ಲುಚಕ್ರ 28 ಹಲ್ಲಿಗಿಂತ ಮೇಲಿದ್ದರೆ ಸಾಕು.

ಅಳತೆ: ಬರಿಗಾಲಲ್ಲಿ ಗೋಡೆಗೆ ಒರಗಿ ನಿಂತು, ಎರಡು ಕಾಲಿನ ನಡುವೆ ಒಂದು ಪುಸ್ತಕ ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಅಳೆಯಿರಿ. ಸೈಕಲ್ಲಿನ ಸ್ಟ್ಯಾಂಡ್‌ಓವರ್ ಎತ್ತರ (ನೆಲದಿಂದ ಫ್ರೇಮಿನ ಮೇಲಿನ ಪೈಪಿನವರೆಗೆ) ಇದಕ್ಕಿಂತ ಕನಿಷ್ಠ 5 ಸೆಂ.ಮೀ. ಕಮ್ಮಿ ಇರಬೇಕು. ಐದಡಿ ಎರಡಿಂಚಿನವರು 29 ಇಂಚಿನ ಚಕ್ರದ ಸೈಕಲ್ ಕೊಂಡು, ಸಿಗ್ನಲ್‌ನಲ್ಲಿ ಕಾಲು ಊರಲಾಗದೆ ಒದ್ದಾಡುವುದನ್ನು ನೋಡಿದ್ದೇನೆ. ಸವಾರನ ತೂಕದ ಮಿತಿಯನ್ನೂ ಓದಿ.

ನೀರಿನ ವಿಷಯ. ಬ್ಯಾಟರಿಗೆ, ಮೋಟಾರಿಗೆ, ಡಿಸ್‌ಪ್ಲೇಗೆ ಐಪಿ ಅಂಕಿ (ನೀರು, ಧೂಳು ಎಷ್ಟು ತಡೆಯುತ್ತದೆ ಎಂಬ ಅಳತೆ) ಬೇರೆ ಬೇರೆ ಇರುತ್ತದೆ. ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಹಾಕಿರುತ್ತಾರೆ. ಐಪಿಎಕ್ಸ್4 ಅಂದರೆ ಸಿಡಿಯುವ ನೀರನ್ನು ತಡೆಯುತ್ತದೆ ಎಂದಷ್ಟೇ. ಕೊಡಗು, ಆಗುಂಬೆ ಕಡೆಯ ಜುಲೈ ಮಳೆ ಸಿಡಿಯುವ ನೀರಲ್ಲ.

6. ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ ಬನ್ನಿ

ಇದನ್ನು ಆರ್ಡರ್ ಮಾಡುವ ಮೊದಲೇ ಮಾಡಬೇಕು. ‘ಅಣ್ಣಾ, ಹಿಂದಿನ ಚಕ್ರದಲ್ಲಿ ಮೋಟಾರ್ ಇರೋ ಸೈಕಲ್ಲಿಗೆ ಪಂಕ್ಚರ್ ಹಾಕ್ತೀರಾ?’ ಎಂದು ಕೇಳಿ. ಚಕ್ರ ಬಿಚ್ಚಬೇಕೆಂದರೆ ಮೊದಲು ಮೋಟಾರಿನ ವೈರ್ ಕನೆಕ್ಟರ್ ಎಳೆಯಬೇಕು, ದೊಡ್ಡ ನಟ್ಟುಗಳನ್ನು ಸಡಿಲಿಸಬೇಕು, ವಾಷರ್ ಇದ್ದ ದಿಕ್ಕು ನೆನಪಿಡಬೇಕು. ಅನುಭವ ಇರುವವರು ಚಕ್ರ ಬಿಚ್ಚದೆಯೇ ಟ್ಯೂಬ್ ಹೊರಗೆಳೆದು ತೇಪೆ ಹಾಕುತ್ತಾರೆ. ಅವರು ‘ತನ್ನಿ, ನೋಡೋಣ’ ಅಂದರೆ ನಿಮ್ಮ ಅರ್ಧ ಚಿಂತೆ ಕಳೆಯಿತು.

ಎಲೆಕ್ಟ್ರಿಕ್ ಭಾಗಗಳಿಗೆ ಕಂಪನಿಯೇ ಗತಿ. ಹೀರೋ ಲೆಕ್ಟ್ರೋ, ಪುಣೆಯ ಇಮೋಟೋರಾಡ್, ಟಾಟಾ ಬಳಗದ ಸ್ಟ್ರೈಡರ್, ನೈಂಟಿ ವನ್ ಮುಂತಾದವು ಈ ಬೆಲೆಯಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು. ಯಾವುದೇ ಇರಲಿ, ‘ದೇಶಾದ್ಯಂತ ಸರ್ವಿಸ್’ ಎಂಬ ಮಾತು ನಿಮ್ಮ ಜಿಲ್ಲೆಗೆ ಏನು ಅರ್ಥ ಎಂದು ಫೋನ್ ಮಾಡಿ ಕೇಳಿ. ಮೆಕ್ಯಾನಿಕ್ ಮನೆಗೆ ಬರುತ್ತಾರಾ, ನೀವು ಭಾಗ ಬಿಚ್ಚಿ ಕೊರಿಯರ್ ಮಾಡಬೇಕಾ, ಬೆಂಗಳೂರಿಗೇ ತರಬೇಕಾ? ಫೋನ್ ಎತ್ತಲು ಎಷ್ಟು ಹೊತ್ತು ಹಿಡಿಯಿತು ಎಂಬುದೂ ಒಂದು ಉತ್ತರವೇ, ಅಲ್ವಾ?

7. ಮಾರುವವರು ಯಾರು?

ದೊಡ್ಡ ಮಾರುಕಟ್ಟೆ ಸೈಟ್‌ನಲ್ಲಿ ಕೊಂಡರೂ ಮಾರುವವರು ಬೇರೆ ಇರುತ್ತಾರೆ. ಆ ಹೆಸರಿನ ಮೇಲೆ ಒತ್ತಿ ನೋಡಿ. ಕಂಪನಿಯ ಅಧಿಕೃತ ಮಾರಾಟಗಾರ ಅಲ್ಲದಿದ್ದರೆ ವಾರಂಟಿ ಸಿಗುತ್ತದೆಯೇ ಎಂದು ಕಂಪನಿಗೇ ಬರೆದು ಕೇಳಿ. 2020ರ ಗ್ರಾಹಕ ರಕ್ಷಣೆ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವರ ಹೆಸರು, ವಿಳಾಸ, ದೂರು ಅಧಿಕಾರಿಯ ವಿವರ, ಸರಕು ತಯಾರಾದ ದೇಶ, ಎಲ್ಲವೂ ಕಾಣುವಂತಿರಬೇಕು.

ನಕಲಿ ಸೈಟ್‌ಗಳ ಬಗ್ಗೆ ಎಚ್ಚರ ಇರಲಿ. 40 ಸಾವಿರದ ಸೈಕಲ್ ‘ಗೋದಾಮು ಖಾಲಿ’ ಹೆಸರಲ್ಲಿ 4,999ಕ್ಕೆ ಬಂದರೆ ಅಲ್ಲಿ ಸೈಕಲ್ಲೇ ಇಲ್ಲ. ಜಿಎಸ್‌ಟಿ ಸಂಖ್ಯೆ ಕೇಳಿ, ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ ನೋಡಿ. ಅದರ ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ಮಹಾರಾಷ್ಟ್ರ 27, ದೆಹಲಿ 07. ವಿಳಾಸ ಬೆಂಗಳೂರಿನದು, ಸಂಖ್ಯೆ ಬೇರೆ ರಾಜ್ಯದ್ದು ಎಂದಾದರೆ ಯಾಕೆ ಎಂದು ಕೇಳಿ. ಯಾರದೋ ಖಾಸಗಿ ಹೆಸರಿನ ಯುಪಿಐಗೆ ಹಣ ಕಳಿಸಿ ಎಂದರೆ ಪ್ರಶ್ನೆಯೂ ಬೇಡ. ಈಗಾಗಲೇ ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಎಷ್ಟು ಬೇಗ ಮಾಡಿದರೆ ಅಷ್ಟು ಒಳ್ಳೆಯದು.

ವಿಮರ್ಶೆ ಓದುವಾಗ ಐದು ಸ್ಟಾರ್ ಬಿಟ್ಟುಬಿಡಿ. ‘ಸೂಪರ್, ಡೆಲಿವರಿ ಫಾಸ್ಟ್’ ಎಂದು ಮೊದಲ ದಿನವೇ ಬರೆದವರಿಂದ ಏನೂ ತಿಳಿಯುವುದಿಲ್ಲ. ಎರಡು, ಮೂರು ಸ್ಟಾರ್ ಕೊಟ್ಟವರು, ಆರು ತಿಂಗಳು ಓಡಿಸಿದವರು ಏನು ಬರೆದಿದ್ದಾರೆ ನೋಡಿ. ಒಂದೇ ದೂರು ಮತ್ತೆ ಮತ್ತೆ ಬಂದರೆ ಅದನ್ನು ನಂಬಿ. ಯೂಟ್ಯೂಬ್‌ನಲ್ಲಿ ಮಾಡೆಲ್ ಹೆಸರಿನ ಜೊತೆ ‘ಎರರ್ ಕೋಡ್’ ಸೇರಿಸಿ ಹುಡುಕಿದರೆ ಜಾಹೀರಾತು ಹೇಳದ್ದು ಸಿಗುತ್ತದೆ.

ಬೆಲೆ ಹೋಲಿಸುವಾಗ ಹೆಲ್ಮೆಟ್, ಬೀಗ, ಮಡ್‌ಗಾರ್ಡ್, ಲೈಟು, ಪಂಪು ಸೇರಿಸಿ ಲೆಕ್ಕ ಹಾಕಿ. ಎಂಟಿಬಿ ಜೊತೆ ಮಡ್‌ಗಾರ್ಡ್ ಬರುವುದೇ ಅಪರೂಪ.

8. ಪೆಟ್ಟಿಗೆ ಬಂದಾಗ

ತಂದವರ ಎದುರೇ ಪೆಟ್ಟಿಗೆ ಬಿಚ್ಚಿ ನೋಡುವ ಓಪನ್ ಬಾಕ್ಸ್ ಡೆಲಿವರಿ ಸಿಗುವುದಾದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಪೆಟ್ಟಿಗೆಯ ಆರೂ ಬದಿ, ವಿಳಾಸದ ಚೀಟಿ, ಬಿಚ್ಚುವುದು, ಎಲ್ಲವನ್ನೂ ನಿಲ್ಲಿಸದೆ ಒಂದೇ ವಿಡಿಯೊದಲ್ಲಿ ಹಿಡಿಯಿರಿ. ಡಿಸ್ಕ್ ಬಗ್ಗಿದೆಯೇ, ಹಿಂದಿನ ಗೇರಿನ ಕೊಕ್ಕೆ ಒಳಕ್ಕೆ ಬಾಗಿದೆಯೇ, ಡಿಸ್‌ಪ್ಲೇ ಒಡೆದಿದೆಯೇ ನೋಡಿ. ಸಾಗಣೆಯಲ್ಲಿ ಪೆಟ್ಟು ತಿನ್ನುವುದು ಹೆಚ್ಚಾಗಿ ಈ ಮೂರೇ. ಫ್ರೇಮ್ ಸಂಖ್ಯೆ, ಬ್ಯಾಟರಿ ಸಂಖ್ಯೆಗಳನ್ನು ಬಿಲ್ಲಿನ ಜೊತೆ ತಾಳೆ ನೋಡಿ ಫೋಟೋ ತೆಗೆದಿಡಿ. ವಾರಂಟಿ ನೋಂದಣಿ ಅದೇ ದಿನ ಮಾಡಿ.

ಏನಾದರೂ ಕೆಟ್ಟಿದ್ದರೆ ಫೋನ್ ಮಾತು ಸಾಲದು, ಇಮೇಲ್ ಅಥವಾ ಆ್ಯಪ್‌ನಲ್ಲಿ ಬರೆದು ಹಾಕಿ. ದೂರು ಬಂದ 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ ಎಂಬುದು ನಿಯಮ. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ, ಆನ್‌ಲೈನ್‌ನಲ್ಲೇ ದೂರು ಹಾಕಬಹುದು.

9. ಜೋಡಿಸುವುದು

‘ಶೇ. 85 ಜೋಡಿಸಿದೆ’ ಎಂದು ಬರೆದಿರುತ್ತದೆ. ಉಳಿದದ್ದು ಹ್ಯಾಂಡಲ್, ಮುಂದಿನ ಚಕ್ರ, ಪೆಡಲ್, ಸೀಟು. ಒಂದು ಗಂಟೆಯ ಕೆಲಸ. ಕೈ ಬಾರದವರು ಸೈಕಲ್ ಅಂಗಡಿಗೆ ಒಯ್ಯಿರಿ.

ಮೊದಲು ಮುಂದಿನ ಫೋರ್ಕ್ ತಿರುಗಿಲ್ಲ ಎಂದು ನೋಡಿ. ಡಿಸ್ಕ್ ಬ್ರೇಕ್ ಹಿಡಿಯುವ ಭಾಗ ನಿಮ್ಮ ಎಡಗಡೆಗೆ ಬರಬೇಕು. ಬ್ರೇಕ್ ಪ್ಯಾಡ್ ನಡುವೆ ಪ್ಲಾಸ್ಟಿಕ್ ತುಂಡು ಇದ್ದರೆ ತೆಗೆಯಿರಿ. ಹೈಡ್ರಾಲಿಕ್ ಆದರೆ ಚಕ್ರ ಕೂರುವವರೆಗೂ ಲಿವರ್ ಒತ್ತಲೇಬೇಡಿ. ಡಿಸ್ಕ್‌ಗೆ ಎಣ್ಣೆ ಕೈ ತಾಗಿಸಬೇಡಿ. ಹ್ಯಾಂಡಲ್ ಹಿಡಿಯುವ ನಾಲ್ಕು ಬೋಲ್ಟ್‌ಗಳನ್ನು ಒಂದನ್ನೇ ಪೂರ್ತಿ ಬಿಗಿಯದೆ ಅಡ್ಡಡ್ಡವಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಎಡ ಪೆಡಲ್‌ನ ಮರೆ (ಥ್ರೆಡ್) ಉಲ್ಟಾ. ಅದನ್ನು ಬಿಗಿಯಲು ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಬೇಕು. ಮೊದಲ ಸುತ್ತುಗಳನ್ನು ಬೆರಳಲ್ಲೇ ಹಾಕಿ. ಸ್ಪ್ಯಾನರ್‌ನಿಂದ ಒತ್ತಾಯ ಮಾಡಿದರೆ ಪೆಡಲ್ ಕೂರುವ ತೋಳು, ಅಂದರೆ ಕ್ರ್ಯಾಂಕ್ ಹಾಳು. ಸೀಟಿನ ಕಂಬದ ಮೇಲಿರುವ ಕನಿಷ್ಠ ಗೆರೆ ಹೊರಗೆ ಕಾಣಬಾರದು.

ಟೈರಿಗೆ 30ರಿಂದ 40 ಪಿಎಸ್‌ಐ ಗಾಳಿ, ಟೈರಿನ ಬದಿಯಲ್ಲಿ ಬರೆದಿರುವ ಮಿತಿಯೊಳಗೆ. ಹಿಂದಿನ ಚಕ್ರ ಎತ್ತಿ ಹಿಡಿದು ಥ್ರಾಟಲ್ ತಿರುಗಿಸಿ, ಬ್ರೇಕ್ ಹಿಡಿಯಿರಿ. ಮೋಟಾರು ಆ ಕ್ಷಣವೇ ನಿಲ್ಲಬೇಕು. ಎರಡೂ ಲಿವರ್‌ಗೆ ಹೀಗೇ ನೋಡಿ. ಹೊಸ ಡಿಸ್ಕ್ ಬ್ರೇಕ್ ಮೊದಲು ಸರಿಯಾಗಿ ಹಿಡಿಯುವುದಿಲ್ಲ. ಖಾಲಿ ರಸ್ತೆಯಲ್ಲಿ ಇಪ್ಪತ್ತು ಸಲ ನಿಧಾನಕ್ಕೆ ಹಿಡಿದು ಬಿಟ್ಟು ಮಾಡಿ, ಪ್ಯಾಡ್ ಹದಕ್ಕೆ ಬರುತ್ತದೆ. ಅದಾಗದೆ ಇಳಿಜಾರಿಗೆ ಹೋಗಬೇಡಿ.

10. ಮೊದಲ ತಿಂಗಳು ಮತ್ತು ಮಳೆಗಾಲ

ನೂರು ಕಿ.ಮೀ. ಓಡಿದ ಮೇಲೆ ಎಲ್ಲಾ ಬೋಲ್ಟ್‌ಗಳನ್ನೂ ಮತ್ತೊಮ್ಮೆ ನೋಡಿ. ಮುಖ್ಯವಾಗಿ ಹಿಂದಿನ ಚಕ್ರದ ನಟ್ಟು. ಮೋಟಾರು ಎಳೆಯುವಾಗ ಅಚ್ಚಿನ ಮೇಲೆ ತಿರುಚುವ ಬಲ ಬೀಳುತ್ತದೆ. ನಟ್ಟು ಸಡಿಲವಿದ್ದರೆ ಅಚ್ಚೇ ತಿರುಗಿ ವೈರ್ ಕತ್ತರಿಸಿಕೊಳ್ಳುತ್ತದೆ. ಹಿಂದಿನ ಕಡ್ಡಿಗಳೂ ಸಡಿಲವಾಗಿರುತ್ತವೆ, ಬಿಗಿ ಮಾಡಿಸಿ. ಕೇಬಲ್ ಹಿಗ್ಗಿ ಗೇರು ಜಾರುವುದು ಮಾಮೂಲು.

ಬಿಸಿಲಲ್ಲಿ ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಬ್ಯಾಟರಿ ತಣಿಯಲಿ. ಕಂಪನಿ ಕೊಟ್ಟ ಚಾರ್ಜರನ್ನೇ ಬಳಸಿ. 36 ವೋಲ್ಟ್ ಬ್ಯಾಟರಿಯ ಚಾರ್ಜರ್ ಮೇಲೆ 42 ವೋಲ್ಟ್ ಎಂದಿರುತ್ತದೆ, ಅದು ಸರಿಯೇ. ಮನೆಯಿಂದ ಹೊರಬರುವ ಬಾಗಿಲ ಬಳಿಯಾಗಲಿ, ಹಾಸಿಗೆ ಪಕ್ಕವಾಗಲಿ ಚಾರ್ಜ್ ಮಾಡಬೇಡಿ. ಎಲ್ಲರೂ ಮಲಗಿರುವಾಗ ರಾತ್ರಿಯೆಲ್ಲಾ ಬಿಡಬೇಡಿ. ಸೈಕಲ್ ತೊಳೆಯಲು ಬಕೆಟ್ಟು, ಬಟ್ಟೆ ಸಾಕು. ಸರ್ವಿಸ್ ಸ್ಟೇಷನ್ನಿನ ಪ್ರೆಶರ್ ನೀರು ಮೋಟಾರಿನ ಸೀಲ್ ದಾಟಿ ಒಳಗೆ ಹೋಗುತ್ತದೆ.

ಮಳೆಗಾಲದಲ್ಲಿ ಸೈಕಲ್ ಮೂಲೆ ಸೇರುವುದಾದರೆ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಮತ್ತೆ ಅರ್ಧಕ್ಕೆ ತನ್ನಿ. ಪೂರ್ತಿ ಖಾಲಿಯಾಗಿ ತಿಂಗಳುಗಟ್ಟಲೆ ಬಿದ್ದ ಲಿಥಿಯಂ ಬ್ಯಾಟರಿ ಮತ್ತೆ ಏಳುವುದು ಕಷ್ಟ, ವಾರಂಟಿಯಲ್ಲೂ ಅದಕ್ಕೆ ಜಾಗ ಇರುವುದಿಲ್ಲ. ಉಬ್ಬಿದ್ದರೆ, ವಾಸನೆ ಬಂದರೆ, ನೀರಲ್ಲಿ ಮುಳುಗಿದ್ದರೆ ಚಾರ್ಜ್ ಮಾಡಲೇಬೇಡಿ. ಗುಜರಿಗೂ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದು. ಹಳೆಯದನ್ನು ಮನೆಯಿಂದ ಹೊರಗೆ, ಬೆಂಕಿ ಹಿಡಿಯುವ ವಸ್ತುಗಳಿಂದ ದೂರ ಇಟ್ಟು ಅವರಿಗೆ ಫೋನ್ ಮಾಡಿ.